ಬಿಸಿಲಿನಲ್ಲಿ ಬಂದ ನೀರು

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ. ಕೇಳುಗರ ಕೋರಿಕೆಯಂತೆ ಇಲ್ಲಿ ಕೊಡಲಾಗಿದೆ.)



ಉದ್ಘೋಷಕರ ಕೆಲಸದಲ್ಲಿ ಅತ್ಯಂತ ಸುಲಭವಾದದ್ದು ಹವಾಮಾನ ವರದಿ ಓದುವುದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಎರಡು ಹಾಡುಗಳ ನಡುವೆ ಅರ್ಧ ನಿಮಿಷ. ಗರಿಷ್ಠ ಇಷ್ಟು, ಕನಿಷ್ಠ ಇಷ್ಟು, ಅಲ್ಲಲ್ಲಿ ಮಳೆ, ಕೆಲವೆಡೆ ಗುಡುಗು. ಹೆಸರುಗಳನ್ನು ತಪ್ಪಿಲ್ಲದೆ ಉಚ್ಚರಿಸಿದರೆ ಮುಗಿಯಿತು. ನಾನು ಬಿ.ಎ.ಯಲ್ಲಿ ಕನ್ನಡ ಓದಿದವಳು. ಮೇಘವೆಂದರೆ ನನಗೆ ಕಾವ್ಯದ ಸಂಗತಿ. ಅದು ಒಬ್ಬರ ಹೊಲದ ಸಂಗತಿಯೂ ಹೌದು ಎಂದು ನನಗೆ ಕಲಿಸಿದವರು ಇಂದಾಪುರದ ಒಬ್ಬ ಕೇಳುಗರು. ಇವತ್ತಿನ ಮಾತು ಅವರಿಂದಲೇ ಶುರುವಾಗಲಿ.

ಕೆಲವು ವರ್ಷಗಳ ಹಿಂದಿನ ಒಂದು ಜುಲೈ ತಿಂಗಳು. ಪುಣೆಯಲ್ಲಿ ಛತ್ರಿ ಒಣಗುವುದಕ್ಕೂ ಪುರಸೊತ್ತಿಲ್ಲದಂಥ ವಾರ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಫೋನ್ ಬಂತು.

"ಅಕ್ಕಾರ, ನಾ ಇಂದಾಪುರದಿಂದ ಮಾತಾಡ್ಲಿಕತ್ತೀನ್ರಿ. ಒಂದು ವಾರ ಆತು, ಪುಣೆ ಜಿಲ್ಲಾದಾಗ ಭಾರಿ ಮಳಿ, ಭಾರಿ ಮಳಿ ಅಂತ ಓದ್ಲಿಕತ್ತೀರಿ. ಇಂದಾಪುರ ಪುಣೆ ಜಿಲ್ಲಾದಾಗ ಇಲ್ಲೇನ್ರಿ? ನಮ್ಮ ಕಡಿ ಮೋಡ ಬರ್ತಾವ, ನೋಡ್ತಾವ, ಹೋಗ್ತಾವ."

ಮೂಲತಃ ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆಯವರು. ಭೀಮಾ ದಂಡೆಯ ಹಳ್ಳಿ. ಇಂದಾಪುರ ತಾಲ್ಲೂಕಿನಲ್ಲಿ ನೀರಾ ನದಿಯ ಹತ್ತಿರ ಹೊಲವನ್ನು ಲಾವಣಿಗೆ ಹಾಕಿಕೊಂಡು ದುಡಿಯುತ್ತಾರೆ. ನಮ್ಮ ಕನ್ನಡವನ್ನು ಮೊಬೈಲಿನಲ್ಲೇ ಕೇಳುತ್ತಾರಂತೆ. ಅವರ ಮಾತು ಕೇಳಿ ನನಗೆ ನಗು ಬಂತು, ನಾಚಿಕೆಯೂ ಆಯಿತು. "ತಪ್ಪಾಯ್ತು ಅಣ್ಣಾ, ನಾಳೆಯಿಂದ ಇಂದಾಪುರದ ಹೆಸರನ್ನೂ ಓದ್ತೀನಿ" ಎಂದೆ.

ಅದರಂತೆ ಓದಿದೆ ಕೂಡ. ಆಗಸ್ಟ್ ಮೊದಲ ವಾರದಲ್ಲಿ "ಇಂದಾಪುರ, ಬಾರಾಮತಿ, ದೌಂಡ್ ಕಡೆ ಒಣಹವೆ, ಬಿಸಿಲು" ಎಂದು ಸ್ಪಷ್ಟವಾಗಿ ಹೇಳಿದೆ. ಎರಡು ದಿನ ಬಿಟ್ಟು ಮತ್ತೆ ಅವರ ಫೋನ್.

"ಅಕ್ಕಾರ, ನೀವು ಹೇಳಿದ್ದು ಖರೆ ಆತ್ರಿ. ಬಿಸಿಲೇ ಇತ್ತು. ಆ ಬಿಸಿಲಾಗೇ ನಮ್ಮ ಮೋಟರ್ ಹೊಳಿಗೆ ಹೋತು."

ಒಂದು ಹನಿ ಮಳೆಯಿಲ್ಲ, ತಲೆಯ ಮೇಲೆ ಸುಡುವ ಸೂರ್ಯ. ಆದರೂ ನದಿ ಏರಿ ಬಂದು ದಂಡೆಯ ಮೇಲಿದ್ದ ನೀರೆತ್ತುವ ಮೋಟರನ್ನೂ ಪೈಪನ್ನೂ ಎಳೆದುಕೊಂಡು ಹೋಗಿತ್ತು. ನನ್ನ ವರದಿ ನೂರಕ್ಕೆ ನೂರು ಸರಿ ಇತ್ತು, ಆದರೆ ಅವರಿಗೆ ನಯಾಪೈಸೆ ಉಪಯೋಗಕ್ಕೆ ಬಂದಿರಲಿಲ್ಲ. ಅದು ಹೇಗೆ ಎಂದು ತಿಳಿಯಲು ಹೊರಟೆ. ತಿಳಿದಷ್ಟನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಪ್ರಯಾಣ ಮಾಡೋಣ. ಜುಲೈ ತಿಂಗಳ ಒಂದು ಬೆಳಿಗ್ಗೆ ಲೋಣಾವಳದಿಂದ ಹೊರಡಿ. ಎದುರಿನ ಬೆಟ್ಟ ಕಾಣದಷ್ಟು ಮಂಜು, ಎಡೆಬಿಡದ ಮಳೆ. 65 ಕಿಲೋಮೀಟರ್ ಬಂದರೆ ಪುಣೆ. ಇಲ್ಲಿ ಜಿಟಿಜಿಟಿ. ಅಲ್ಲಿಂದ ಸೊಲ್ಲಾಪುರ ಹೆದ್ದಾರಿ ಹಿಡಿದು ಇನ್ನೂ 135 ಕಿಲೋಮೀಟರ್ ಪೂರ್ವಕ್ಕೆ ಹೋದರೆ ಇಂದಾಪುರ. ದೌಂಡ್ ದಾಟುವ ಹೊತ್ತಿಗೆ ಗಾಡಿಯ ವೈಪರ್ ನಿಂತಿರುತ್ತದೆ. ಭಿಗವಣ ಬರುವ ಹೊತ್ತಿಗೆ ಕಿಟಕಿಯ ಪರದೆ ಎಳೆದುಕೊಳ್ಳಬೇಕು, ಅಷ್ಟು ಬಿಸಿಲು. ಇದಿಷ್ಟೂ ಒಂದೇ ಜಿಲ್ಲೆ, ಒಬ್ಬರೇ ಕಲೆಕ್ಟರು.

ಲೆಕ್ಕದಲ್ಲಿ ಹೇಳುವುದಾದರೆ ಲೋಣಾವಳದಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆ. ಪುಣೆ ನಗರದಲ್ಲಿ 700 ಮಿ.ಮೀ.ಗೆ ಸ್ವಲ್ಪ ಮೇಲೆ. ಇಂದಾಪುರದಲ್ಲಿ ಸುಮಾರು 500 ಮಿ.ಮೀ. ಹಿರಿಯರಿಗೆ ಇಂಚಿನ ಲೆಕ್ಕ ಬೇಕಾದರೆ 160 ಇಂಚು, 28 ಇಂಚು, 20 ಇಂಚು ಎಂದಿಟ್ಟುಕೊಳ್ಳಿ. ಇನ್ನೊಂದು ಹೋಲಿಕೆ ಕೊಡುತ್ತೇನೆ. 2024ರ ಜುಲೈ 25ರಂದು ಪುಣೆಯ ಸಿಂಹಗಡ ರಸ್ತೆಯ ಮನೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಆ 24 ಗಂಟೆಗಳಲ್ಲಿ ಇದೇ ಜಿಲ್ಲೆಯ ತಾಮ್ಹಿಣಿ ಘಾಟಿನಲ್ಲಿ ಬಿದ್ದ ಮಳೆ 500 ಮಿ.ಮೀ. ದಾಟಿತ್ತು. ಅಂದರೆ ಇಂದಾಪುರದ ಒಂದು ವರ್ಷದ ಪಾಲು ತಾಮ್ಹಿಣಿಗೆ ಒಂದೇ ದಿನದಲ್ಲಿ ಸಿಕ್ಕಿತು.

ಕಾರಣ ಸಹ್ಯಾದ್ರಿ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಈ ಬೆಟ್ಟಸಾಲು ಅಡ್ಡ ನಿಂತಿದೆ. ದಾಟಬೇಕಾದರೆ ಗಾಳಿ ಮೇಲೇರಬೇಕು. ಮೇಲೇರಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಅಷ್ಟೊಂದು ತೇವ ಹೊರುವ ಶಕ್ತಿ ಇರುವುದಿಲ್ಲ, ಹೊರೆಯನ್ನು ಘಾಟಿನ ತಲೆಯ ಮೇಲೆಯೇ ಇಳಿಸುತ್ತದೆ. ಹಗುರಾಗಿ ಆಚೆಗೆ ಇಳಿಯುವಾಗ ಮತ್ತೆ ಬಿಸಿಯಾಗುತ್ತದೆ. ಒಣ ಗಾಳಿ ಒಂದು ಕಿಲೋಮೀಟರ್ ಕೆಳಗಿಳಿದರೆ ಸುಮಾರು 10 ಡಿಗ್ರಿ ಬಿಸಿಯೇರುತ್ತದೆ ಎಂಬುದು ಭೌತಶಾಸ್ತ್ರದ ಲೆಕ್ಕ. ಬಿಸಿಯಾದ ಗಾಳಿ ನೀರು ಕೊಡುವುದಿಲ್ಲ, ಕುಡಿಯುತ್ತದೆ. ಹೀಗೆ ಬೆಟ್ಟದ ಆಚೆ ಬದಿಗೆ ಬೀಳುವ ಒಣ ಪಟ್ಟಿಯನ್ನು ಮಳೆಯ ನೆರಳು ಎನ್ನುತ್ತಾರೆ. ಮರದ ನೆರಳು ತಂಪು, ಮಳೆಯ ನೆರಳು ಮಾತ್ರ ಬಿಸಿ.

ಕನ್ನಡಿಗರಿಗೆ ಇದು ಹೊಸದಲ್ಲ. ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಎಂದು ನಮ್ಮ ಹಿರಿಯರು ನಾಡನ್ನು ಮಳೆಯ ಮೇಲೆಯೇ ಪಾಲು ಹಾಕಿದ್ದಾರೆ. ಆಗುಂಬೆಯಲ್ಲಿ 7,000 ಮಿ.ಮೀ. ದಾಟುವ ಮಳೆ, ಅದೇ ಗಾಳಿ ಬೆಟ್ಟ ಇಳಿದು ಚಳ್ಳಕೆರೆ ಮುಟ್ಟುವಾಗ 500ಕ್ಕೂ ಕಡಿಮೆ. ಮರಾಠಿಯವರು ಇದನ್ನೇ ಘಾಟಮಾಥಾ, ಮಾವಳ, ದೇಶ ಎನ್ನುತ್ತಾರೆ. ಇಂದಾಪುರ ಅವರ ಬಯಲುಸೀಮೆ.

ಮಳೆಯ ಪ್ರಮಾಣದ ಹಾಗೆಯೇ ಕಾಲವೂ ಬೇರೆ. ಘಾಟಿನಲ್ಲಿ ಮಳೆಯ ಭರ ಜುಲೈನಲ್ಲಿ. ಇಂದಾಪುರದಲ್ಲಿ ಜೂನ್‌ನಲ್ಲಿ ಒಂದಿಷ್ಟು ಬಂದು, ಜುಲೈ-ಆಗಸ್ಟ್ ಬರೀ ಗಾಳಿ ಬೀಸಿ, ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಹುಬ್ಬೆ, ಉತ್ತರೆ, ಹಸ್ತ ಎಂದು ಬೆರಳು ಮಡಿಸುತ್ತಾ ಕಾಯುವ ಸೀಮೆ ಇದು. ಆ ಮಳೆಗೆ ಕಪ್ಪು ಮಣ್ಣು ನೆನೆದರೆ ಹಿಂಗಾರಿ ಬಿಳಿಜೋಳ ಬಂತೆಂದೇ ಲೆಕ್ಕ. ವಿಜಯಪುರ, ಕಲಬುರಗಿಯಿಂದ ಬಂದವರಿಗೆ ಇಂದಾಪುರ ಪರದೇಶ ಅನ್ನಿಸದಿರಲು ಭಾಷೆಗಿಂತ ಈ ಮಣ್ಣು, ಈ ಜೋಳ, ಈ ಕಾಯುವಿಕೆಯೇ ಕಾರಣ ಎಂದು ನನಗೆ ತೋರುತ್ತದೆ.

ಹಾಗಾದರೆ ಇಂಥ ಒಣ ಸೀಮೆಯಲ್ಲಿ ಕಬ್ಬು, ದ್ರಾಕ್ಷಿ, ದಾಳಿಂಬೆ ಹೇಗೆ ಬಂದವು? ಘಾಟಿನ ಮಳೆಯನ್ನು ಮನುಷ್ಯರು ಹೊತ್ತು ತಂದದ್ದರಿಂದ. ನಮ್ಮ ಹಳೇ ಮೈಸೂರಿನವರು ಧಾತು ಈಶ್ವರ ಬರ ಎಂದು ಕರೆಯುವ 1876-78ರ ಮಹಾ ಕ್ಷಾಮ ಈ ಸೀಮೆಯನ್ನೂ ಸುಟ್ಟಿತ್ತು. ಅದರ ನಂತರ, 1880ರ ದಶಕದಲ್ಲಿ, ನೀರಾ ಎಡದಂಡೆ ಕಾಲುವೆ ಬಾರಾಮತಿ, ಇಂದಾಪುರಗಳ ಕಡೆ ಹರಿಯಿತು. ಆಮೇಲೆ ಭೀಮಾ ನದಿಗೆ ಉಜನಿ ಅಣೆಕಟ್ಟು ಬಂತು, 1980ರಲ್ಲಿ ಪೂರ್ಣಗೊಂಡಿತು. ಅಣೆಕಟ್ಟು ಇರುವುದು ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲ್ಲೂಕಿನಲ್ಲಿ, ಹಿನ್ನೀರು ಹರಡಿರುವುದು ಇಂದಾಪುರದ ಮಗ್ಗುಲಲ್ಲಿ. ಪಳಸದೇವ ಎಂಬ ಊರಿನ ಹಳೆಯ ಶಿವಾಲಯ ಆ ನೀರಿನಲ್ಲಿ ಮುಳುಗಿದೆ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದರ ಶಿಖರ, ಆಮೇಲೆ ಗೋಡೆ ಹೊರಗೆ ಬರುತ್ತವೆ. ಜನ ದೋಣಿಯಲ್ಲೂ ನಡೆದುಕೊಂಡೂ ಹೋಗಿ ಕೈಮುಗಿದು ಬರುತ್ತಾರೆ. ದೇವರ ದರ್ಶನವಾಯಿತೆಂದು ಸಂತೋಷಪಡಬೇಕೋ, ನೀರು ಬತ್ತಿತೆಂದು ಅಳಬೇಕೋ ತಿಳಿಯದ ದರ್ಶನ ಅದು.

ಇಂದಾಪುರದ ಕಡೆ ಬೇಸಿಗೆಯಲ್ಲಿ ಒಂದು ಮಾತು ಕೇಳುತ್ತೀರಿ: "ಉಜನಿ ಮೈನಸ್‌ಗೆ ಹೋಯ್ತು." ಕೆರೆಯಲ್ಲಿ ನೀರು ಮೈನಸ್ ಆಗುವುದು ಹೇಗೆ ಎಂದು ನನಗೂ ಆಶ್ಚರ್ಯವಾಗಿತ್ತು. ಉಜನಿಯ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 63 ಟಿಎಂಸಿಗೂ ಮೇಲೆ, ತಳದ ನೀರು. ಸಾಮಾನ್ಯವಾಗಿ ಅದನ್ನು ಮುಟ್ಟುವ ಹಾಗಿಲ್ಲ. ಬಳಕೆಯ ನೀರೆಲ್ಲ ಮುಗಿದು ತಳದ ನೀರಿಗೆ ಕೈಹಾಕಿದ ದಿನದಿಂದ ಲೆಕ್ಕ ಮೈನಸ್. 2024ರ ಬೇಸಿಗೆಯಲ್ಲಿ ಹಾಗೆ ಸೊನ್ನೆಗಿಂತ ಬಹಳ ಕೆಳಗೆ ಇಳಿದಿದ್ದ ಉಜನಿ ಅದೇ ಆಗಸ್ಟ್‌ನಲ್ಲಿ ತುಂಬಿತು. ಇಂದಾಪುರದಲ್ಲಿ ಮಳೆ ಸುರಿದು ತುಂಬಿದ್ದಲ್ಲ. ಮುಳಾ-ಮುಠಾ, ಇಂದ್ರಾಯಣಿ, ಭಾಮಾ, ಘೋಡ್ ನದಿಗಳು ಘಾಟಿನ ಮಳೆಯನ್ನು ಹೊತ್ತು ತಂದು ತುಂಬಿದ್ದು.

ನಮ್ಮ ಕೇಳುಗರ ಮೋಟರ್ ಹೋದ ಗುಟ್ಟು ಇಲ್ಲಿಯೇ ಇದೆ. ಘಾಟಿನಲ್ಲಿ ವಾರಗಟ್ಟಲೆ ಮಳೆಯಾಗಿ ನೀರಾ ಕಣಿವೆಯ ಭಾಟಘರ್, ನೀರಾ ದೇವಘರ್, ಗುಂಜವಣಿ ಜಲಾಶಯಗಳು ತುಂಬಿದರೆ ನೀರು ಕೆಳಗಿನ ವೀರ್ ಅಣೆಕಟ್ಟಿಗೆ ಬರುತ್ತದೆ. ವೀರ್ ತುಂಬಿದರೆ ಗೇಟು ಎತ್ತುತ್ತಾರೆ. ಆ ನೀರು ಇಂದಾಪುರದ ದಕ್ಷಿಣದ ಅಂಚಿನಲ್ಲಿ ಹರಿದು ನೀರಾ ನರಸಿಂಗಪುರದಲ್ಲಿ ಭೀಮೆಯನ್ನು ಸೇರುತ್ತದೆ. ನರಸಿಂಗಪುರದ ಲಕ್ಷ್ಮೀನರಸಿಂಹ ಎಷ್ಟೋ ಕನ್ನಡ ಮನೆತನಗಳಿಗೂ ಕುಲದೇವರು. ನಮ್ಮ ಕೇಳುಗರಲ್ಲಿಯೂ ಅಲ್ಲಿಗೆ ನಡೆದುಕೊಳ್ಳುವವರು ಇದ್ದೀರಿ. ಮುಂದೆ ಅದೇ ನೀರು ಪಂಢರಪುರದ ಚಂದ್ರಭಾಗೆಯಾಗಿ, ಸೊಲ್ಲಾಪುರ ದಾಟಿ, ಅಫಜಲಪುರದ ಸೊನ್ನ ಬ್ಯಾರೇಜಿಗೆ, ದೇವಲ ಗಾಣಗಾಪುರಕ್ಕೆ ಬಂದು, ಕೊನೆಗೆ ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆಕಾಶ ಒಂದು ಕಡೆ, ಹೊಳೆ ಇನ್ನೊಂದು ಕಡೆ. ನಾನು ಓದಿದ್ದು ಇಂದಾಪುರದ ಆಕಾಶದ ಸುದ್ದಿ. ಹೊಳೆ ತಂದದ್ದು ಭೋರ್ ಸೀಮೆಯ ಘಾಟಿನ ಸುದ್ದಿ.

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ದಾರಿ ತೋರಿಸುವುದು ಒಂದು ಹಕ್ಕಿ. ಉಜನಿ ಹಿನ್ನೀರಿನ ಭಿಗವಣ, ಕುಂಭಾರಗಾವ್ ಕಡೆ ಚಳಿಗಾಲದಲ್ಲಿ ಫ್ಲೆಮಿಂಗೊಗಳು ಬರುತ್ತವೆ. ನಮ್ಮವರು ರಾಜಹಂಸ ಎನ್ನುವ, ಉದ್ದ ಕಾಲಿನ ಗುಲಾಬಿ ರೆಕ್ಕೆಯ ಹಕ್ಕಿ. ನೀರು ಇಳಿದು ಕೆಸರು ಕಂಡಷ್ಟೂ ಅವಕ್ಕೆ ಹಬ್ಬ. ಇದೇ ಜಾತಿಯ ದೊಡ್ಡ ಫ್ಲೆಮಿಂಗೊ ಮರಿ ಮಾಡುವ ಯೂರೋಪಿನ ಹೆಸರಾದ ತಾಣಗಳಲ್ಲಿ ಒಂದು ಸ್ಪೇನ್ ದೇಶದ ಮಾಲಗ ಪ್ರಾಂತದ ಫುಯೆಂತೆ ದೆ ಪಿಯೆದ್ರ ಎಂಬ ಉಪ್ಪುನೀರಿನ ಸರೋವರ. ಅಲ್ಲಿಯೂ ಮಳೆ ಬಂದ ವರ್ಷ ಸಾವಿರಾರು ಗೂಡು, ಬಾರದ ವರ್ಷ ಒಣ ಉಪ್ಪಿನ ಬಯಲು. ಈ ಹಕ್ಕಿಯ ಬೆನ್ನು ಹತ್ತಿ ಸ್ಪೇನಿನ ಹವೆಯ ಬಗ್ಗೆ ಓದಿದೆ. ಓದುತ್ತಾ ಹೋದಂತೆ ನಮ್ಮ ಪುಣೆ ಜಿಲ್ಲೆಯನ್ನೇ ದೊಡ್ಡದು ಮಾಡಿ ನೋಡಿದಂತಾಯಿತು.

ಸ್ಪೇನ್ ಎಂದರೆ ಬಿಸಿಲಿನ ದೇಶ ಎಂದು ಪ್ರಸಿದ್ಧಿ. ನಮ್ಮ ಕೇಳುಗ ದಂಪತಿಗಳೊಬ್ಬರ ಮಗಳು ಓದಲು ಅಲ್ಲಿಗೆ ಹೋಗುವಾಗ "ಬಿಸಿಲಿನ ದೇಶಕ್ಕೆ ಛತ್ರಿ ಯಾಕೆ" ಎಂದು ಮನೆಯಲ್ಲೇ ಬಿಟ್ಟು ಹೋದಳಂತೆ. ಅವಳು ಇಳಿದದ್ದು ವಾಯವ್ಯ ಮೂಲೆಯ ಸಾಂತಿಯಾಗೊ ಎಂಬ ಊರಿನಲ್ಲಿ. ಅಲ್ಲಿ ವರ್ಷಕ್ಕೆ ಸುಮಾರು 1,800 ಮಿ.ಮೀ. ಮಳೆ. ಮೊದಲ ವಾರದ ಖರ್ಚೇ ಛತ್ರಿ. ಅಟ್ಲಾಂಟಿಕ್ ಸಾಗರದ ತೇವದ ಗಾಳಿ ಮೊದಲು ತಾಗುವುದು ಆ ವಾಯವ್ಯದ ಬೆಟ್ಟಗಳಿಗೆ. ಅದು ಅವರ ಲೋಣಾವಳ. ನಡುವಿನ ಎತ್ತರದ ಬಯಲಿನಲ್ಲಿ ಮಾದ್ರಿದ್, ಮಳೆ ಇನ್ನೂ ಕಡಿಮೆ, ಚಳಿಗೂ ಸೆಕೆಗೂ ಎರಡಕ್ಕೂ ಕಟುವು. ಆಗ್ನೇಯ ಮೂಲೆಗೆ ಬಂದರೆ ಅಲ್ಮೆರಿಯ, ವರ್ಷಕ್ಕೆ ಸುಮಾರು 200 ಮಿ.ಮೀ. ಅಲ್ಲಿನ ತಬೆರ್ನಾಸ್ ಎಂಬ ಮರುಭೂಮಿಯಲ್ಲಿಯೇ ಕುದುರೆ, ಪಿಸ್ತೂಲುಗಳ ಎಷ್ಟೋ ಕೌಬಾಯ್ ಸಿನಿಮಾ ತೆಗೆದರು. ಹತ್ತಿರದ ಸಿಯೆರ್ರ ನೆವಾದ ಬೆಟ್ಟದ 3,479 ಮೀಟರ್ ಎತ್ತರದ ಶಿಖರದಲ್ಲಿ ಚಳಿಗಾಲದುದ್ದಕ್ಕೂ ಹಿಮ. ಗ್ವಾದಲ್ಕಿವಿರ್ ನದಿಯ ಕಣಿವೆಯ ಲಾ ರಂಬ್ಲಾ ಎಂಬ ಊರಿನಲ್ಲಿ 2021ರ ಆಗಸ್ಟ್ 14ರಂದು 47.6 ಡಿಗ್ರಿ ಉಷ್ಣತೆ ದಾಖಲಾಯಿತು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ: ಅವರ ಮಳೆಗಾಲ ಚಳಿಗಾಲದ ಅಕ್ಕಪಕ್ಕ, ಬೇಸಿಗೆ ಬರೀ ಒಣ. ನಮ್ಮದು ಅದರ ತಿರುವುಮುರುವು.

ಇಷ್ಟಾದರೆ ಇದು ಬರೀ ಭೂಗೋಳದ ಪಾಠವಾಗುತ್ತಿತ್ತು. ಆದರೆ 2024ರ ಅಕ್ಟೋಬರ್ 29ರಂದು ಸ್ಪೇನಿನ ಪೂರ್ವ ಕರಾವಳಿಯ ವಲೆನ್ಸಿಯ ಪ್ರಾಂತದಲ್ಲಿ ನಡೆದದ್ದು ಬೇರೆಯ ಪಾಠ. ಮಾಮೂಲು ಅಟ್ಲಾಂಟಿಕ್ ಗಾಳಿಯ ಬದಲು ಅಂದು ಬೆಚ್ಚಗಿದ್ದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ, ಅಂದರೆ ಪೂರ್ವದಿಂದ, ತೇವ ನುಗ್ಗಿತು. ತುರೀಸ್ ಎಂಬ ಊರಿನಲ್ಲಿ ಒಂದೇ ದಿನ 771 ಮಿ.ಮೀ. ದಾಟಿತು. ಸತ್ತವರು 220ಕ್ಕೂ ಹೆಚ್ಚು. ಮನಸ್ಸು ಕಲಕುವ ಸಂಗತಿ ಏನೆಂದರೆ, ಬಹಳ ಜನ ಸತ್ತ ಪಾಯ್ಪೋರ್ತ ಎಂಬ ಊರಿನಲ್ಲಿ ಆ ಹೊತ್ತಿಗೆ ಮಳೆಯೇ ಹೆಚ್ಚು ಇರಲಿಲ್ಲ. ಮೇಲಿನ ಗುಡ್ಡಗಳಲ್ಲಿ ಬಿದ್ದ ನೀರು, ವರ್ಷದ ಬಹುಭಾಗ ಒಣಗಿರುವ ಹಳ್ಳದ ದಾರಿಯಲ್ಲಿ ಬಂದು ಬೀದಿಗೆ ನುಗ್ಗಿತು. ಬೆಳಿಗ್ಗೆಯೇ ಹವಾಮಾನ ಸಂಸ್ಥೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಜನರ ಮೊಬೈಲಿಗೆ ಎಚ್ಚರಿಕೆಯ ಗಂಟೆ ಬಂದದ್ದು ರಾತ್ರಿ ಎಂಟು ದಾಟಿದ ಮೇಲೆ. ಅಷ್ಟರಲ್ಲಿ ಎಷ್ಟೋ ಬೀದಿಗಳಲ್ಲಿ ನೀರು ಎದೆಮಟ್ಟ ಬಂದಿತ್ತು. ಆ ಸುದ್ದಿ ಓದುವಾಗ ನನಗೆ ಇಂದಾಪುರದ ಆ ಫೋನ್ ನೆನಪಾಗದೆ ಇರಲಿಲ್ಲ.

ನೆರಳಿಗೂ ಒಂದು ದಿಕ್ಕು ಇರುತ್ತದೆ ಬಂಧುಗಳೇ. ಇದೇ ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು. ಸಹ್ಯಾದ್ರಿಯ ಗೋಡೆ ಇಂದಾಪುರಕ್ಕೆ ಪಶ್ಚಿಮದ ಮಳೆಯನ್ನು ತಡೆಯುತ್ತದೆ. ಪೂರ್ವಕ್ಕೆ ಅಂಥ ಗೋಡೆ ಇಲ್ಲ. 2020ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ತೀವ್ರ ವಾಯುಭಾರ ಕುಸಿತ 13ರಂದು ಕಾಕಿನಾಡದ ಬಳಿ ದಡ ಹತ್ತಿತು. ಹೈದರಾಬಾದನ್ನು ಮುಳುಗಿಸಿ, ಉತ್ತರ ಕರ್ನಾಟಕವನ್ನು ತೋಯಿಸಿ, 14ರಂದು ಸೊಲ್ಲಾಪುರ, ಇಂದಾಪುರಗಳ ಮೇಲೆ ಬಂತು. ನಿಮಗಾವ್ ಕೇತಕಿಯ ಕಡೆ ಹಳ್ಳಗಳು ಊರಿಗೆ ನುಗ್ಗಿದವು, ಸೊಲ್ಲಾಪುರ ಹೆದ್ದಾರಿಯ ಮೇಲೆ ನೀರು ಹರಿಯಿತು. ಆಮೇಲೆ ಉಜನಿ, ವೀರ್‌ಗಳ ನೀರೂ ಸೇರಿ ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ದಂಡೆಯ ಊರುಗಳನ್ನು ಹೊಕ್ಕಿತು. ವರ್ಷವಿಡೀ ಮಳೆಗೆ ಬಾಯಿ ಬಿಡುವ ಊರಿನಲ್ಲಿ ಹಳ್ಳವನ್ನು ಯಾರೂ ಹಳ್ಳವೆಂದು ಕಾಣುವುದಿಲ್ಲ. ಅದರಲ್ಲಿ ಗಾಡಿ ನಿಲ್ಲಿಸುತ್ತಾರೆ, ಗೂಡಂಗಡಿ ಇಡುತ್ತಾರೆ, ಬಣವೆ ಒಟ್ಟುತ್ತಾರೆ. ಹಳ್ಳ ಮಾತ್ರ ತನ್ನ ದಾರಿಯನ್ನು ಮರೆತಿರುವುದಿಲ್ಲ.

ಗಾಳಿಯೂ ಹಾಗೆಯೇ. 2024ರ ಮೇ 21ರ ಸಂಜೆ ಕರಮಾಳಾ ತಾಲ್ಲೂಕಿನ ಕುಗಾವ್‌ನಿಂದ ಇಂದಾಪುರ ತಾಲ್ಲೂಕಿನ ಕಳಾಶಿಗೆ ಉಜನಿ ಹಿನ್ನೀರಿನಲ್ಲಿ ಬರುತ್ತಿದ್ದ ದೋಣಿ ಬಿರುಗಾಳಿಗೆ ಮಗುಚಿ 6 ಜನ ತೀರಿಕೊಂಡರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಉಜನಿ ಮೈನಸ್ ಆಗಿದ್ದ ಬೇಸಿಗೆ ಅದು. ನೀರು ಕಡಿಮೆ ಇದೆಯೆಂದು ಗಾಳಿ ಕಡಿಮೆಯಾಗುವುದಿಲ್ಲ. ಮುಂಗಾರಿಗೆ ಮೊದಲು, ಹಗಲೆಲ್ಲ ಕಾದ ನೆಲದ ಮೇಲೆ ಸಂಜೆಗೆ ಏಳುವ ಈ ಗುಡುಗು-ಗಾಳಿಯನ್ನು ನಮ್ಮವರು ಅಡ್ಡಮಳೆ ಎನ್ನುತ್ತಾರೆ, ಮರಾಠಿಯವರು ವಳೀವ್ ಎನ್ನುತ್ತಾರೆ. ಮಳೆಯ ಲೆಕ್ಕದಲ್ಲಿ ಅದು ಸಣ್ಣದು. ಪ್ರಾಣದ ಲೆಕ್ಕದಲ್ಲಿ ಅಲ್ಲ.

ಮರುವರ್ಷ, 2025ರಲ್ಲಿ, ಮುಂಗಾರು ಮೇ 24ಕ್ಕೆ ಕೇರಳಕ್ಕೂ 26ಕ್ಕೆ ಮುಂಬಯಿಗೂ ಬಂದುಬಿಟ್ಟಿತು. ಇಂದಾಪುರ, ಬಾರಾಮತಿ ಕಡೆ ಮೇ ಕೊನೆಯ ವಾರದಲ್ಲೇ ಜೋರು ಮಳೆಯಾಗಿ, ನಾನು ಆಗಲೇ ಹೇಳಿದ ಹಳೆಯ ನೀರಾ ಎಡದಂಡೆ ಕಾಲುವೆ ಬಾರಾಮತಿ ಬಳಿ ಒಡೆಯಿತು. ನೀರಿಗಾಗಿ ತೋಡಿದ ಕಾಲುವೆಯೇ ನೀರಿನಿಂದ ಒಡೆಯಿತು.

ಬರದ ಸೀಮೆಗೆ ಮಳೆ ತರಿಸುವ ಪ್ರಯತ್ನಗಳೂ ನಡೆದಿವೆ. ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2018, 2019ರ ಮಳೆಗಾಲದಲ್ಲಿ ಪಕ್ಕದ ಸೊಲ್ಲಾಪುರದ ಆಕಾಶದಲ್ಲಿ ಮೋಡ ಬಿತ್ತನೆ ಮಾಡಿ ನೋಡಿದರು. ತಕ್ಕ ಮೋಡಗಳನ್ನು ಆರಿಸಿ ಬಿತ್ತಿದರೆ ಸುಮಾರು 18ರಷ್ಟು ಶೇಕಡಾ ಹೆಚ್ಚು ಮಳೆ ಪಡೆಯಬಹುದು ಎಂಬುದು ಅವರ ತೀರ್ಮಾನ. ಒಳ್ಳೆಯದೇ. ಆದರೆ ಬಿತ್ತುವುದಕ್ಕೆ ಮೋಡ ಇರಬೇಕು, ಹೊಲವಿಲ್ಲದೆ ಬೀಜದಿಂದ ಏನು ಪ್ರಯೋಜನ?

ಇನ್ನು ನಮ್ಮ ಕೈಯಲ್ಲಿರುವುದರ ಮಾತು. ಪುಣೆಯಲ್ಲಿ ಶಿವಾಜಿನಗರದ ಸಿಟಿ ಬಸ್ಸಿನಲ್ಲಿ "ಸಿಮ್ಲಾ ಆಫೀಸ್" ಎಂದು ಕಂಡಕ್ಟರು ಕೂಗುವುದನ್ನು ಕೇಳಿರುತ್ತೀರಿ. ಸಿಮ್ಲಾದಲ್ಲಿದ್ದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಇಲ್ಲಿಗೆ ಬಂದದ್ದರಿಂದ ಆ ಹೆಸರು. ದೇಶದ ಹವೆಯ ಲೆಕ್ಕ ಇಡುವ ಊರಿನಲ್ಲಿದ್ದೂ ನಾವು ಆ ಲೆಕ್ಕವನ್ನು ಓದಲು ಕಲಿಯದಿದ್ದರೆ ಹೇಗೆ? ನಾನು ಕಲಿತ ನಾಲ್ಕು ಪಾಠ ಹೇಳುತ್ತೇನೆ.

ಮೊದಲನೆಯದು, "ಪುಣೆ" ಎಂದರೆ ಯಾವ ಪುಣೆ ಎಂದು ಕೇಳಿ. ಹವಾಮಾನ ಇಲಾಖೆ ತನ್ನ ಎಚ್ಚರಿಕೆಗಳಲ್ಲಿ ಪುಣೆಯನ್ನೂ ಪುಣೆಯ ಘಾಟ್ ಪ್ರದೇಶವನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಓದುವ ನಾವು ಅವಸರದಲ್ಲಿ ಎರಡನ್ನೂ ಒಂದು ಮಾಡುತ್ತಿದ್ದೆವು. ಅದು ನಮ್ಮ ತಪ್ಪು.

ಎರಡನೆಯದು, "ಭಾರಿ ಮಳೆ" ಎಂಬುದು ನಮ್ಮ ಮನೆಮಾತಿನ ಭಾರಿ ಅಲ್ಲ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಲೋಣಾವಳಕ್ಕೆ ಭಾರಿ ಮಳೆ ದಿನನಿತ್ಯದ ಊಟ. ಇಂದಾಪುರಕ್ಕೆ ಅದೇ ಮಳೆ ವರ್ಷದ ಎಂಟನೇ ಒಂದು ಪಾಲು ಒಂದೇ ದಿನ ಬಂದ ಹಾಗೆ. ಬಣ್ಣ ಕಿತ್ತಳೆ ಇರಲಿ, ಕೆಂಪಿರಲಿ, ಅದನ್ನು ನಿಮ್ಮ ಊರಿನ ಲೆಕ್ಕದಲ್ಲಿ ತೂಗಬೇಕು.

ಮೂರನೆಯದು, ಹೊಳೆಯ ದಂಡೆಯಲ್ಲಿರುವವರು ತಮ್ಮ ಆಕಾಶ ನೋಡಿದರೆ ಸಾಲದು. ಮೇಲಿನ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದೇ ಅವರ ಹವಾಮಾನ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್, ಅಂದರೆ ಎರಡು ಕೊಡಕ್ಕಿಂತ ಕಡಿಮೆಯಿಲ್ಲ. ಐವತ್ತು ಸಾವಿರ ಕ್ಯೂಸೆಕ್ ಎಂದಾಗ ಆ ಕೊಡಗಳನ್ನು ಒಮ್ಮೆ ಮನಸ್ಸಿನಲ್ಲಿ ಎಣಿಸಿ ನೋಡಿ.

ನಾಲ್ಕನೆಯದು, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಪೂರ್ವಕ್ಕೆ ಕಿವಿ ಕೊಡಿ. "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂದು ಕೇಳಿದರೆ ಅದು ಮದರಾಸಿನವರ ಸುದ್ದಿ ಎಂದು ರೇಡಿಯೋ ಕಿವಿ ತಿರುವಬೇಡಿ. ಹಾಗೆಯೇ ಗುಡುಗು-ಸಿಡಿಲಿಗೆ ಇದೇ ಪಾಷಾಣದ ಸಂಸ್ಥೆಯವರು ಮಾಡಿದ "ದಾಮಿನಿ" ಎಂಬ ಮೊಬೈಲ್ ಆ್ಯಪ್ ಇದೆ. ಹೊಲದ ಕೆಲಸದವರಿಗೆ, ದನ ಕಾಯುವವರಿಗೆ ಅದು ಉಪಯೋಗ. ಮನೆಯಲ್ಲಿ ಹುಡುಗರಿದ್ದರೆ ಹಾಕಿಕೊಡಲು ಹೇಳಿ.

ಮುಗಿಸುವ ಮುನ್ನ ಆ ಫೋನಿನ ಉಳಿದ ಅರ್ಧ ಹೇಳಬೇಕು. ಮೋಟರ್ ಹೋಯಿತೆಂದು ಕೇಳಿ ನಾನು ಏನು ಹೇಳಲೂ ತೋಚದೆ "ಕ್ಷಮಿಸಿ ಅಣ್ಣಾ" ಎಂದೆ. ಅವರು ಹೇಳಿದರು:

"ನೀವೇನು ಮಾಡ್ತೀರಿ ಅಕ್ಕಾರ, ನೀವು ಗೇಟ್ ಎತ್ತಿಲ್ಲಲ್ಲ. ನಮ್ಮ ಮೋಟರ್ ಹೋದ ಕೂಡಲೇ ಊರಿಗೆ ಫೋನ್ ಹಚ್ಚಿದೆ. ಅಪ್ಪಾ, ನೀರು ಬರ್ಲಿಕತ್ತದ, ಮೋಟರ್ ಎತ್ತಿ ಮ್ಯಾಲ ಇಡು ಅಂದೆ. ಇಲ್ಲಿ ಬಿಸಿಲು ಅದಲೋ ಮಗನ ಅಂದ. ನಮ್ಮ ಕಡಿನೂ ಬಿಸಿಲೇ ಇತ್ತಪ್ಪಾ ಅಂದೆ. ಎತ್ತಿಟ್ಟ. ಹೊಳಿ ಅಲ್ಲಿ ಹೋಗಿ ಮುಟ್ಟೂದ್ರಾಗ ಅವರ ಮೋಟರ್ ಮ್ಯಾಲ ಇತ್ತು."

ರೇಡಿಯೋ ಮಾಡಬೇಕಾಗಿದ್ದ ಕೆಲಸವನ್ನು ಒಬ್ಬ ಮಗ ಮಾಡಿದ್ದ. ತನ್ನದನ್ನು ಕಳೆದುಕೊಂಡ ಮೇಲೆ, ಹೊಳೆಗಿಂತ ಮುಂಚೆ ಸುದ್ದಿ ಮುಟ್ಟಿಸಿದ್ದ. ನೀರು ನೀರಾ ನರಸಿಂಗಪುರದಿಂದ ಅಫಜಲಪುರಕ್ಕೆ ಹರಿದು ಹೋಗಲು ಹೊತ್ತು ಬೇಕು. ಮಾತಿಗೆ ಒಂದು ನಿಮಿಷ ಸಾಕು. ನಮ್ಮಂಥವರ ಕೆಲಸಕ್ಕೆ ಬೆಲೆ ಇರುವುದು ಆ ನಡುವಿನ ಹೊತ್ತಿನಲ್ಲಿ.

ಅಂದಿನಿಂದ ಮಳೆಗಾಲದಲ್ಲಿ ನಮ್ಮ ಹವಾಮಾನ ವರದಿಗೆ ಇನ್ನೊಂದು ಅರ್ಧ ನಿಮಿಷ ಸೇರಿಸಿದ್ದೇವೆ. ಆಕಾಶದ ಸುದ್ದಿ ಆದ ಮೇಲೆ ಹೊಳೆಯ ಸುದ್ದಿ: ಖಡಕವಾಸಲಾ ಇಷ್ಟು, ವೀರ್ ಇಷ್ಟು, ಉಜನಿ ಇಷ್ಟು. ಇದಕ್ಕಾಗಿ ಒಂದು ಹಾಡಿನ ಕೊನೆಯ ಚರಣ ಕತ್ತರಿಸಿಹೋಗುತ್ತದೆ ಎಂದು ಕೆಲವರು ಪತ್ರ ಬರೆದಿದ್ದೀರಿ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಹಾಡು ನನಗೂ ಇಷ್ಟ. ಆದರೆ ಕಳೆದ ಬಾರಿ ಫೋನ್ ಮಾಡಿದಾಗ ಇಂದಾಪುರದ ಆ ಅಣ್ಣ ಇನ್ನೊಂದು ಮಾತು ಹೇಳಿದರು: "ಅಕ್ಕಾರ, ಸೊನ್ನ ಬ್ಯಾರೇಜಿಂದೂ ಓದ್ರಿ. ಅಪ್ಪ ಮೊಬೈಲ್ ತಗೊಂಡಾನ. ದಿನಾ ಕೇಳ್ತಾನ."

ಓದುತ್ತಿದ್ದೇನೆ.